ಮುಂದಿನ ಅಧ್ಯಾಯ ಅವನದು

ಹೆಂಡತಿ ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗಿದ್ದ ಅಧ್ಯಾಯದ ಕೊನೆಯ ಪುಟವನ್ನು ಅವನು ಮತ್ತೊಮ್ಮೆ ಓದಿದ. ನಾಯಕಿ ಮನೆ ಬಿಟ್ಟಿದ್ದಳು. ‘ಜಿಪ್ಪು ಕಿತ್ತುಹೋದ ನೀಲಿ ಬ್ಯಾಗಿನ ಬಾಯಿಗೆ ಪಿನ್ನು ಚುಚ್ಚಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದೇನೆ. ತಿರುವಿನಲ್ಲಿ ಬಸ್ಸು ಕಾಣುತ್ತಿದೆ.’ ಅಲ್ಲಿಗೆ ಮುಗಿದಿತ್ತು. ಮುಂದಿನದನ್ನು ಅವನು ಬರೆಯಬೇಕು, ಇವತ್ತು ಸಂಜೆಯೊಳಗೆ.

ಗಂಡ ಹೆಂಡತಿ ಸೇರಿ ವಾರಪತ್ರಿಕೆಗೆ ಬರೆಯುತ್ತಿದ್ದ ಪ್ರೇಮ ಕಾದಂಬರಿ ಅದು. ಒಂದು ವಾರ ನಾಯಕ ‘ನಾನು’ ಎಂದು ಕಥೆ ಹೇಳುತ್ತಿದ್ದ, ಮರುವಾರ ನಾಯಕಿ. ನಾಯಕ ಅವನ ಪಾಲು, ನಾಯಕಿ ಅವಳ ಪಾಲು. ಶುರುವಿನಲ್ಲೇ ನಿಯಮ ಮಾಡಿಕೊಂಡಿದ್ದರು: ಒಬ್ಬರ ಪಾತ್ರವನ್ನು ಇನ್ನೊಬ್ಬರು ನಡೆಸಬಾರದು, ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಮುಂದೇನು ಎಂದು ಮನೆಯಲ್ಲಿ ಚರ್ಚಿಸಲೂಬಾರದು. ನಿಯಮ ಎಷ್ಟು ಸಲೀಸಾಗಿ ನಡೆಯಿತೆಂದರೆ, ಕಥೆಯ ಮಾತಿನ ಜೊತೆಗೆ ಉಳಿದ ಮಾತೂ ನಿಂತುಹೋದದ್ದು ಅವನಿಗೆ ತಿಳಿಯಲೇ ಇಲ್ಲ.

ಬಸ್ಸು ಕಥೆಯದ್ದು. ಬ್ಯಾಗು ಮಾತ್ರ ಮನೆಯದ್ದು. ಅವನು ಸ್ಟೂಲು ಹಾಕಿಕೊಂಡು, ಅದು ಇರುತ್ತಿದ್ದ ಬೀರುವಿನ ಮೇಲೆ ನೋಡಿದ. ಸುತ್ತ ದಪ್ಪ ಧೂಳು. ನಡುವೆ ಬ್ಯಾಗಿನಷ್ಟೇ ಉದ್ದಗಲದ ಜಾಗ ಚೊಕ್ಕವಾಗಿತ್ತು. ಅಲ್ಲಿ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದ. ಹೊಸ ಧೂಳು ಇನ್ನೂ ಕೂತಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪತ್ರಿಕೆಯ ಸಂಪಾದಕರು.

“ಏನಯ್ಯಾ, ಹುಡುಗಿ ಬಸ್ಸು ಹತ್ತುತ್ತಾಳೋ ಇಲ್ವೋ? ನಿನ್ನೆ ನಿನ್ನ ಹೆಂಡತಿ ಕಳಿಸಿದ ಅಧ್ಯಾಯ ಓದಿದಾಗಿಂದ ನಮ್ಮನೆಯವಳು ನನ್ನನ್ನೇ ಗುರಾಯಿಸ್ತಿದಾಳೆ, ನಾನೇ ಓಡಿಸಿದೆ ಅನ್ನೋ ಹಾಗೆ!”

“ಹತ್ತೋದು ಬಿಡೋದು ನನ್ನ ಕೈಲಿಲ್ಲ ಸಾರ್.”

“ನಿನ್ನ ಕೈಲಿರೋದನ್ನ ಬರಿಯಪ್ಪ. ಅವನು ಓಡಿಹೋಗಿ ಅಡ್ಡ ನಿಲ್ಲಲಿ. ಓದುಗರಿಗೆ ಓಟ ಅಂದ್ರೆ ಪ್ರಾಣ.”

ಅವನು ನಾಯಕನನ್ನು ಓಡಿಸಿದ. ‘ನಾನು ಓಡಿದೆ. ಅವಳು ಹೋಗಲಾರಳೆಂದು ನನಗೆ ಗೊತ್ತಿತ್ತು.’ ಬರೆದ ಮೇಲೆ ತನಗೆ ಹಾಗೇನೂ ಗೊತ್ತಿಲ್ಲ ಅನ್ನಿಸಿ ಹೊಡೆದುಹಾಕಿದ. ‘ಅವಳ ಮೌನದಲ್ಲಿ ಪ್ರೀತಿ ತುಂಬಿತ್ತು’ ಎಂದು ಶುರುಮಾಡಿ ಅದನ್ನೂ ಹೊಡೆದ. ಬಾಗಿಲಲ್ಲಿ ಬೀಗದ ಸದ್ದಾಯಿತು. ಅವಳು ಬಂದಳು. ರಕ್ತಪರೀಕ್ಷೆಯ ಲ್ಯಾಬಿನವಳು, ಎಂದಿನಂತೆ ಮೊದಲು ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು.

“ಅವಳು ಹೋಗೇಬಿಡ್ತಾಳಾ?” ಅವನು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದ.

“ಚರ್ಚೆ ಮಾಡಬಾರದು ಅಂತ ನಿಯಮ.”

“ಸುಡ್ಲಿ ಆ ನಿಯಮ. ಅವನೇನು ತಪ್ಪು ಮಾಡಿದಾನೆ ಹೇಳು? ವಾರವಾರವೂ ಅವಳದೇ ಜಪ ಮಾಡ್ತಾನಲ್ಲ!”

“ಮಾಡ್ತಾನೆ. ಅವಳಿಗೇನಿಷ್ಟ, ಅವಳು ಯಾಕೆ ಸುಮ್ಮನಿದಾಳೆ, ಅವಳಿಗೆ ಯಾಕೆ ನಿದ್ದೆ ಬರಲ್ಲ, ಎಲ್ಲಾ ಅವನೇ ಹೇಳ್ತಾನೆ. ಅವಳನ್ನ ಒಂದು ಮಾತು ಕೇಳಿದ್ದು ಎಲ್ಲಿದೆ, ತೋರಿಸು.” ಅವಳು ಟವೆಲಿಗೆ ಕೈ ಒರೆಸಿದಳು. “ರಕ್ತ ತಗೊಳ್ದೇ ರಿಪೋರ್ಟ್ ಬರೆದ್ರೆ ನಮ್ಮ ಲ್ಯಾಬಲ್ಲಿ ಮನೆಗೆ ಕಳಿಸ್ತಾರೆ.”

ಅವಳು ಮಲಗುವ ಕೋಣೆಗೆ ಹೋದಳು. ಅವನು ಹಳೆಯ ಸಂಚಿಕೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತ. ತೋರಿಸಿಯೇ ಬಿಡುತ್ತೇನೆ ಎಂಬ ಹಟದಿಂದ ತನ್ನ ಅಧ್ಯಾಯಗಳ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಹುಡುಕಿದ. ಪ್ರಶ್ನೆಗಳೇನೋ ಬೇಕಾದಷ್ಟಿದ್ದವು. ನಾಯಕ ಚಂದ್ರನನ್ನು ಕೇಳಿದ್ದ, ಕಿಟಕಿಯನ್ನು ಕೇಳಿದ್ದ, ತನ್ನನ್ನೇ ಕೇಳಿಕೊಂಡು ತಾನೇ ಉತ್ತರಿಸಿಕೊಂಡಿದ್ದ. ನಾಯಕಿಯನ್ನು ಕೇಳಿದ್ದು ಒಂದೇ ಒಂದು ಸಿಕ್ಕಿತು: ‘ನನ್ನ ಕನ್ನಡಕ ನೋಡಿದೆಯಾ?’

ಅವನಿಗೆ ನಗು ಬರಲಿಲ್ಲ. ಅವನ ಹೊಟ್ಟೆಪಾಡೇ ಕನ್ನಡಕದ ಅಂಗಡಿ. ಬಂದುಹೋಗುವವರ ಕಣ್ಣಿಗೆ ಗಾಜು ಬದಲಿಸುತ್ತಾ ದಿನವಿಡೀ ಅವನು ಕೇಳುವುದು ಇದನ್ನೇ: ಈಗ ಹೇಗೆ ಕಾಣುತ್ತೆ? ಮೊದಲಿನದು ವಾಸಿಯಾ, ಇದಾ? ಅವರು ಹೇಳುವವರೆಗೆ ಕೈಕಟ್ಟಿ ಕಾಯುತ್ತಾನೆ. ಅವರ ಕಣ್ಣಿಗೆ ಏನು ಕಾಣುತ್ತದೆಂದು ಒಂದು ದಿನವೂ ತಾನೇ ಹೇಳಿದವನಲ್ಲ.

ಸಂಚಿಕೆಗಳನ್ನು ಅಲ್ಲೇ ಬಿಟ್ಟು ಎದ್ದ. ಕೋಣೆಯಲ್ಲಿ ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ, ಮಂಚದಡಿಯಿಂದ ಎಳೆದಿಟ್ಟ ನೀಲಿ ಬ್ಯಾಗು. ತುಂಬಿತ್ತು. ಬಾಯಿಗೆ ಪಿನ್ನು ಚುಚ್ಚಿತ್ತು.

“ಯಾಕೆ ಹೋಗ್ತಿದೀಯ?” ಅವನು ಬಾಗಿಲಲ್ಲೇ ನಿಂತು ಕೇಳಿದ.

ಅವಳು ತಲೆಯೆತ್ತಿ ನೋಡಿದಳು. “ಕೇಳ್ತಿರೋದು ಯಾರು? ಅವನಾ, ನೀನಾ?”

“ನಾನು ಕಣೇ. ನಾನೇ ಕೇಳ್ತಿರೋದು.”

ಆಚೆ ಕೋಣೆಯಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವನು ಅಲ್ಲಾಡಲಿಲ್ಲ. ಫೋನು ಬಡಿದು ಬಡಿದು ಸುಮ್ಮನಾಗುವವರೆಗೆ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕುರ್ಚಿಯ ಮೇಲಿನ ಬ್ಯಾಗನ್ನು ಎತ್ತಿ, ತನ್ನ ಕಾಲ ಬಳಿ ನೆಲಕ್ಕಿಟ್ಟಳು.

“ಕೂತ್ಕೋ. ಸ್ವಲ್ಪ ಉದ್ದ ಇದೆ. ಮಧ್ಯೆ ಬಾಯಿ ಹಾಕಬಾರದು, ಗೊತ್ತಲ್ಲ?”

ಅವನು ಕೂತ. ಅವಳು ಹೇಳಲು ಶುರುಮಾಡಿದಳು. ಬ್ಯಾಗಿನ ಹಿಡಿಯಿಂದ ಮಾತ್ರ ಕೈ ತೆಗೆಯಲಿಲ್ಲ.