ಹದಿನೇಳು ಸಾವಿರ ಅಡಿ ಮೇಲೆ ಒಂದು ಹೆಸರು

"ನಿಮ್ಮ ಯಜಮಾನ್ರ ಹೆಸರೇನಮ್ಮಾ?" ಗೈಡ್ ಸ್ಪಂದನಾ ಮೂರನೇ ಸಲ ಕೇಳಿದಳು. ಲಡಾಖ್‌ನ ಘಾಟಿ ಹತ್ತುತ್ತಿದ್ದ ಜೀಪು ಹಿಮದ ಪಕ್ಕ ನಿಂತಿತ್ತು. ಇಷ್ಟು ಎತ್ತರದಲ್ಲಿ ವಾಂತಿ ಮಾಡಿಕೊಂಡವರಿಗೆ ಸುಲಭದ ಪ್ರಶ್ನೆ ಕೇಳಬೇಕು. ಉತ್ತರ ಬಾರದಿದ್ದರೆ ತಲೆ ಮಂಕಾಗಿದೆ ಎಂದು ತಿಳಿದು ಕೆಳಗಿಳಿಸಬೇಕು. ಬೆಂಗಳೂರಿನ ಆ ಹುಡುಗಿ ಕಲಿತಿದ್ದು ಅಷ್ಟು. ಆಗಷ್ಟೇ ವಾಂತಿ ಮಾಡಿಕೊಂಡಿದ್ದ ಅಜ್ಜಂಪುರದ ತೀರ್ಥಮ್ಮ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದರು. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಗಂಡನ ಹೆಸರನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಅದು ಗೊತ್ತಿದ್ದ ಗಂಡ ಪಕ್ಕದಲ್ಲೇ ನಿಂತಿದ್ದ. "ಇವ್ಳಿಗೆ ಮಂಕು ಹಿಡ್ದೈತೆ ಕಣಮ್ಮ. ಹಿಂದಿನ್ ಜೀಪಲ್ಲಿ ಕೆಳಕ್ಕೆ ಕಳ್ಸು. ನಾನು ಮೇಲಕ್ಕೋಗಿ ಬತ್ತೀನಿ," ಎಂದು ಮಂಕಿ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ.

ಸ್ಪಂದನಾ ತೀರ್ಥಮ್ಮನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದಳು. ಕೆಳಗೆ ಕಳಿಸುವ ಚೀಟಿ ಬರೆಯಲು ಪೆನ್ನು ತೆಗೆದು, "ಇವರ ಹೆಸರು ಹೇಳಿ ಸಾರ್," ಎಂದಳು.

"ಇವ್ಳ ಹೆಸ್ರು..." ಎಂದವನು ಅಲ್ಲೇ ನಿಂತ. ಮನೆಯೊಳಗೆ ಅವಳು 'ಲೇ', ನಾಲ್ಕು ಜನರ ಮುಂದೆ 'ನಮ್ ಓಂಕಾರೇಶನ ತಾಯಿ'. ಬೇರೇನೂ ನಾಲಿಗೆಗೆ ಬರಲಿಲ್ಲ. ಕೊನೆಗೆ ಹೆಂಡತಿಯ ಕಡೆ ಬಗ್ಗಿ, "ಲೇ, ಹೇಳೇ," ಎಂದ.

ತೀರ್ಥಮ್ಮ ಗಂಡನ ಮುಖ ನೋಡಿದರು. ಆಮೇಲೆ ಮಾಸ್ಕ್ ಬಿಚ್ಚಿ ಅವನ ಕೈಗೆ ಕೊಟ್ಟರು.

"ಬಸವರಾಜಪ್ಪ ಅಂತ ಬರ್ಕೊಳಮ್ಮ. ಕೆಳಕ್ಕೆ ಕಳ್ಸ್‌ಬೇಕಾಗಿರೋದು ಇವ್ರನ್ನ."