ಬಾಗಿಲ ಹಿಂದಿನ ದನಿ

ಕಾಗದ ಹಿಡಿದು ಯಾರೇ ಬರಲಿ, ಹಳ್ಳದ ದಂಡೆಯ ಗುಡಿಸಲುಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದವು. ಅಲ್ಲಿಯವರು ಹಿಂದೆ ಇದ್ದ ಜಾಗದಲ್ಲಿ ಹೆಸರು ಬರೆದುಕೊಂಡು ಹೋದವರೇ ಆಮೇಲೆ ಬಂದು ಎಲ್ಲವನ್ನೂ ಕೆಡವಿಸಿದ್ದರು.

ಈ ಸಲ ಬಂದವರು ಸಾಲಿ ಅಕ್ಕೋರು, ಮತದಾರರ ಪಟ್ಟಿಯ ಕೆಲಸ ಹೊತ್ತ ಶಾಲೆಯ ಶಿಕ್ಷಕಿ. "ಹದಿನೆಂಟು ತುಂಬಿದವ್ರು ಯಾರರ ಅದೀರೇನವಾ? ಓಟಿಗೆ ಹೆಸರು ಬರ್ಕೋತೀನಿ," ಎಂದು ಹೊರಗಿನಿಂದ ಕೂಗಿದರು.

ಹುಲಿಗೆಮ್ಮನಿಗೆ ಹದಿನೆಂಟು ತುಂಬಿತ್ತು. ಎದ್ದವಳ ಕೈಯನ್ನು ತಾಯಿ ಹಿಡಿದು ಜಗ್ಗಿದಳು. "ಹೆಸರು ಕೊಟ್ರ ಮನಿ ಹೋಗ್ತೈತಿ. ಯಾರೂ ಇಲ್ಲ ಅನ್ನು."

"ಯಾರೂ ಇಲ್ರೀ," ಎಂದಳು ಹುಲಿಗೆಮ್ಮ.

"ಮತ್ತ ನೀ ಯಾರವಾ?"

ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಉಳಿದ ಬಾಗಿಲುಗಳೂ ಯಾರೂ ಇಲ್ಲ ಎಂದೇ ಹೇಳಿದವು.

ಚುನಾವಣೆ ಬಂತು. ಪ್ರಚಾರದ ಒಂದು ಗಾಡಿಯೂ ಆ ಓಣಿಗೆ ಹೊರಳಲಿಲ್ಲ. ಗದ್ದಲ ತಪ್ಪಿತು ಎಂದು ತಾಯಿ ಸಮಾಧಾನಪಟ್ಟಳು.

ಒಂದು ಮುಂಜಾನೆ ಓಣಿಯ ಬಾಯಿಗೆ ಜೆಸಿಬಿ ಬಂದು ನಿಂತಿತು. ಹಿಂದಿನ ವಾರ ಪಕ್ಕದ ಓಣಿಗೆ ಬಂದಿದ್ದನ್ನು ವಾರ್ಡಿನ ಮೆಂಬರ್ ಒಂದೇ ಮಾತಿನಲ್ಲಿ ವಾಪಸ್ ಕಳಿಸಿದ್ದ. ಹುಲಿಗೆಮ್ಮ ಅವನಿಗೇ ಫೋನ್ ಹಚ್ಚಿದಳು.

"ಅಣ್ಣಾರ, ಮನಿ ಕೆಡವಾಕ ಬಂದಾರ್ರೀ. ಕೂಸು ಕುನ್ನಿ ಕಟ್ಕೊಂಡು ಎಲ್ಲಿಗೆ ಹೋಗೂಣ್ರೀ? ನೀವೊಂದು ಮಾತು ಹೇಳ್ರಿ."

"ಅಳಬ್ಯಾಡ ತಂಗಿ, ತಡಿ," ಎಂದ ಮೆಂಬರ್, ತನ್ನ ಪಕ್ಕದವನನ್ನು ಕೇಳಿದ: "ಏ, ಹಳ್ಳದ ದಂಡಿ ಓಣ್ಯಾಗ ಎಷ್ಟು ಓಟು ಅದಾವ ನೋಡು."

ಹಾಳೆ ತಿರುವಿದ ಸದ್ದು ಫೋನಿನಲ್ಲಿ ಕೇಳಿಸಿತು.

"ಅಲ್ಲಿ ಯಾರೂ ಇಲ್ರೀ, ಸಾಹೇಬ್ರ."