ಬಿಳಿಯ ಪುಟ

ವರ್ಷವಿಡೀ ಯಾರೂ ಓದದಿದ್ದರೆ ಪುಸ್ತಕದ ಅಕ್ಷರಗಳು ಅಳಿಸಿಹೋಗುತ್ತಿದ್ದ ಕಾಲವದು. ಬರೆದವರ ನೆನಪಿನಿಂದಲೂ ಅವು ಹೋಗಿಬಿಡುತ್ತಿದ್ದವು. ಅದಕ್ಕೇ ಗದಗಿನ ಪುಸ್ತಕದಂಗಡಿಯ ಅಂದಾನಪ್ಪ, ಊರಿನ ಲೇಖಕರ ಮಾರಾಟವಾಗದ ಪುಸ್ತಕಗಳನ್ನು ಸರದಿಯಂತೆ ತಾವೇ ಓದುತ್ತಿದ್ದರು. ತಿಂಗಳಿಂದ ಕಣ್ಣು ಮಂಜಾಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ.

ಆ ಬೆಳಿಗ್ಗೆ ನೀಲಗಂಗಾ ಟೀಚರ ಕವನಸಂಕಲನ ತೆರೆದರೆ ಪುಟ ಬರೀ ಬಿಳಿ. ಮುಂದಿನದೂ ಬಿಳಿ. ಅಂದಾನಪ್ಪನವರು ಕೊನೆಯವರೆಗೂ ತಿರುವಿದರು. ಗಂಡ ತೀರಿದ ವರ್ಷ ಆಕೆ ಇದೇ ಅಂಗಡಿಯಲ್ಲಿ ಕೂತು ಬರೆದ ಕವನಗಳವು. ಓದುವ ಸರದಿ ತಪ್ಪಿಸಿಬಿಟ್ಟೆನೇ?

ಅಷ್ಟರಲ್ಲಿ ಆಕೆಯೇ ಬಂದರು. ಅಂದಾನಪ್ಪನವರು ಪುಸ್ತಕ ಚಾಚಿದರು.

“ಟೀಚರ್, ಇದನ್ನಷ್ಟು ಓದ್ರಿ.”

ಆಕೆ ಪುಟ ನೋಡಿ, ತಡವರಿಸದೆ ಇಡೀ ಕವನ ಓದಿದರು.

“ಅಕ್ಷರ ಅದಾವಲ್ಲ?”

“ಯಾಕ್ರೀ, ನಿಮಗ ಕಾಣವಲ್ವೇನು?”

“ಹಂಗಾರ ನನ್ನ ಕಣ್ಣಷ್ಟ ಹೋಗ್ಯಾವು,” ಎಂದು ಉಸಿರು ಬಿಟ್ಟವರು, ಮರುಗಳಿಗೆ ಕಪಾಟಿನತ್ತ ತಿರುಗಿದರು. “ಉಳದವನ್ನ ಇನ್ ಯಾರು ಓದ್ತಾರ್ರಿ?”

ನೀಲಗಂಗಾ ಕಪಾಟಿಗೆ ಕೈಹಾಕಿದಾಗ ಸಿಕ್ಕಿದ್ದು, ತುಂಬಿದ ಸಭೆಯಲ್ಲಿ ತಮ್ಮ ಕವನಗಳನ್ನು ಹಳಿದಿದ್ದವರ ಕಾದಂಬರಿ. ಒಂದು ಕ್ಷಣ ನೋಡಿ, ಸ್ಟೂಲಿನ ಮೇಲೆ ಕೂತು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು.